ಕಬ್ಬು ಸೀಳಿ ನೋಡಬೇಕು

ನಾಲ್ಕನೇ ಸೆಮ್‌ನಲ್ಲಿ ವಿ.ಟಿ.ಯು. ನಮಗೆ 'ಬಯಾಲಜಿ ಫಾರ್ ಎಂಜಿನಿಯರ್ಸ್' ಇಟ್ಟಿದೆ. ಮಿದುಳು ಅಂದ್ರೆ ಸಿ.ಪಿ.ಯು., ಕಣ್ಣು ಅಂದ್ರೆ ಕ್ಯಾಮೆರಾ, ಹೃದಯ ಅಂದ್ರೆ ಪಂಪು. ಕೊನೆಗೆ ರೋಗ ಪತ್ತೆಗೆ ಎ.ಐ. ನಾವೆಲ್ಲ ಇದನ್ನ ಹಿಂದಿನ ರಾತ್ರಿ ಓದೋ ಪೇಪರ್ ಅಂತಲೇ ನೋಡ್ತೀವಿ.

ಆದ್ರೆ ಎಂ.ಕೆ. ಹುಬ್ಬಳ್ಳಿ ಕಡೆ ಬಂದು ನೋಡ್ರಿ. ಮಲಪ್ರಭಾ ದಂಡೆ, ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬು. ಕಬ್ಬಿಗೆ ಶಿಲೀಂಧ್ರದಿಂದ ಕೆಂಪು ಕೊಳೆ ರೋಗ ಬರ್ತದೆ. ಎಲೆಯ ಸಾವಿರ ಫೋಟೊ ಕೊಟ್ಟು ಮಾಡೆಲ್ ಟ್ರೈನ್ ಮಾಡಿದ್ರೆ ಮುಗೀತು ಅನ್ಕೋತೀವಿ. ಎಲೆ ಹಳದಿ ಆಗೋದು ಹೊಲದಲ್ಲಿ ನೀರು ನಿಂತರೂ ಆಗ್ತದೆ. ಈ ರೋಗದ ಖಚಿತ ಗುರುತು ಇರೋದು ಜಲ್ಲೆಯ ಒಳಗೆ: ಉದ್ದಕ್ಕೆ ಸೀಳಿದರೆ ಕೆಂಪು, ನಡುನಡುವೆ ಅಡ್ಡ ಬಿಳಿ ಪಟ್ಟೆ, ಹುಳಿ ವಾಸನೆ. ವಾಸನೆ ಕ್ಯಾಮೆರಾಗೆ ಸಿಗಲ್ಲ.

2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಆಲ್ಫಾಫೋಲ್ಡ್‌ನ ಹಸಾಬಿಸ್, ಜಂಪರ್ ಅವರಿಗೂ ಪಾಲು ಬಂತು. ಆ ಮಾಡೆಲ್ ಕಲಿತದ್ದು ವಿಜ್ಞಾನಿಗಳು ದಶಕಗಟ್ಟಲೆ ಲ್ಯಾಬ್‌ನಲ್ಲಿ ಕಂಡುಹಿಡಿದ ಪ್ರೋಟೀನ್ ರಚನೆಗಳಿಂದ. ನಮ್ಮ ಕಬ್ಬಿಗೆ ಅಂಥ ಡೇಟಾ ಯಾರು ಮಾಡ್ಬೇಕು?

ತಪ್ಪು ಉತ್ತರಕ್ಕೆ ನಮಗೆ ಹೋಗೋದು ಒಂದು ಮಾರ್ಕು. ರೈತನಿಗೆ ವರ್ಷದ ಬೆಳೆ. ಅದಕ್ಕೇ ನಮ್ಮ ಮೇಷ್ಟ್ರುಗಳಿಗೆ ಒಂದೇ ಮನವಿ: ಈ ವಿಷಯದ ಒಂದು ಕ್ಲಾಸನ್ನಾದರೂ ಹೊಲದಲ್ಲಿ ತಗೋರಿ. ಮೊದಲು ಕಬ್ಬು ಸೀಳ್ತೀವಿ, ಆಮೇಲೆ ಕೋಡ್ ಬರೀತೀವಿ.