ಧಾರವಾಡದಲ್ಲಿ ಮೂರು ದಿನ

ನಮ್ಮೂರು ಮಂಗಳೂರು. ಆದರೆ ವಾಚಕರು ಕಡಲನ್ನೂ ಹಡಗನ್ನೂ ನೆನೆಯಬಾರದು. ಇದು ಕೊಪ್ಪಳ ಸೀಮೆಯ, ಕುಕನೂರಿನ ಕಡೆಯ ಮಂಗಳೂರು. ಇಲ್ಲಿ ಕಣ್ಣಿಗೆ ಕಾಣುವ ಸಮುದ್ರವೆಂದರೆ ಎರೆಯ ಹೊಲಗಳೇ.

ಕಳೆದ ವೈಶಾಖದಲ್ಲಿ ನಾವು ಮಗನೊಡನೆ ಧಾರವಾಡಕ್ಕೆ ಹೋಗಬೇಕಾಯಿತು. ಅವನು ಅಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನು. ಈಗ ಜರ್ಮನಿಯ ಗೋಟಿಂಗೆನ್ ನಗರಕ್ಕೆ ಹೆಚ್ಚಿನ ವ್ಯಾಸಂಗಕ್ಕಾಗಿ ಹೊರಟಿದ್ದನು. ಅಂಕಪಟ್ಟಿಗಳನ್ನು ಪಡೆದು ತರುವುದು ಹೊರಗಿನ ಕಾರಣ. ಒಳಗಿನದು ಬೇರೆ. ಆ ದೇಶದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಶುಲ್ಕವು ಬಹುಮಟ್ಟಿಗೆ ಇಲ್ಲವಾದರೂ, ಹೋಗುವವನು ಒಂದು ವರ್ಷದ ಅನ್ನವಸ್ತ್ರಗಳಿಗೆ ಸಾಲುವ ಹಣವನ್ನು ಮೊದಲೇ ಖಾತೆಯಲ್ಲಿ ಕಟ್ಟಿ ತೋರಿಸಬೇಕು. 2024ರಲ್ಲಿ ಗೊತ್ತುಮಾಡಿದ ಮೊತ್ತವು 11,904 ಯೂರೋ. ನಮ್ಮ ನಾಣ್ಯದಲ್ಲಿ ಹತ್ತು ಲಕ್ಷವನ್ನು ಮೀರುವುದು. ನಮ್ಮ ನಾಲ್ಕೆಕರೆ ಹೊಲವನ್ನು ಒತ್ತೆಯಿಟ್ಟಲ್ಲದೆ ಅಷ್ಟು ಹಣ ಹುಟ್ಟುವಂತಿರಲಿಲ್ಲ. ಸಹಕಾರಿ ಬ್ಯಾಂಕಿನ ಕಾಗದವು ಹದಿನೈದು ದಿನಗಳಿಂದ ನಮ್ಮ ಪೆಟ್ಟಿಗೆಯಲ್ಲಿತ್ತು. ನಾವು ರುಜು ಹಾಕಿರಲಿಲ್ಲ. ಏಕೆಂದರೆ ಅದೇ ಹೊಲವು ಹಿಂದೊಮ್ಮೆ ವಿದ್ಯೆಯ ಸಲುವಾಗಿ ಸಾಹುಕಾರನ ಕೈಸೇರಿತ್ತು.

ನಮ್ಮ ತೀರ್ಥರೂಪರು 1941ರಲ್ಲಿ, ಹದಿನೈದರ ಹರೆಯದಲ್ಲಿ, ಪರರಾಜ್ಯಕ್ಕೆ ಓದಲು ಹೋದವರು. ಆ ಪರರಾಜ್ಯವೇ ಧಾರವಾಡ. ಇಂದಿನ ಹುಡುಗರು ನಕ್ಕಾರು. ಕೊಪ್ಪಳದಿಂದ ಧಾರವಾಡಕ್ಕೆ ನೂರು ಮೈಲಿಯೂ ಇಲ್ಲ. ಆದರೆ ಅಂದು ಕೊಪ್ಪಳವು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿನ ಸಾಲಾರ್‌ಜಂಗರ ಜಹಗೀರು. ಧಾರವಾಡವು ಬ್ರಿಟಿಷರ ಮುಂಬಯಿ ಇಲಾಖೆ. ನಡುವೆ ಗಡಿ, ಗಡಿಯಲ್ಲಿ ಸುಂಕದ ನಾಕೆ. ನಮ್ಮಜ್ಜನವರ ಕಾಗದಗಳ ಮೇಲೆ ಫಸಲೀ ವರ್ಷ, ಮಗನ ಉತ್ತರಗಳ ಮೇಲೆ ಇಂಗ್ಲಿಷ್ ತಾರೀಖು. ನಾಣ್ಯವೂ ಬೇರೆ: ನಮ್ಮ 7 ಹಾಲೀ ರೂಪಾಯಿಗಳಿಗೆ ಅಲ್ಲಿಯ 6 ಕಲ್ದಾರ. ಮನೆಯವರು ಹೊಟ್ಟೆಬಟ್ಟೆ ಕಟ್ಟಿ ತಿಂಗಳಿಗೆ 14 ಹಾಲೀ ಕಳಿಸಿದರೆ ಹುಡುಗನ ಕೈಗೆ 12 ಕಲ್ದಾರ ಬರುತ್ತಿದ್ದುವು. ಅದರಲ್ಲಿಯೂ ಚಿಲ್ಲರೆ ಮಾಡಿಕೊಡುವವನು ತನ್ನ ಪಾಲನ್ನು ಮುರಿದುಕೊಳ್ಳುತ್ತಿದ್ದನು. ನಮ್ಮ ಕಡೆ 'ಪರದೇಶಿ' ಎಂದರೆ ದಿಕ್ಕಿಲ್ಲದವನೆಂದೇ ಅರ್ಥ. ಆ ಮಾತು ಹೇಗೆ ಹುಟ್ಟಿತೆಂಬುದನ್ನು ವ್ಯಾಕರಣ ನೋಡಿ ತಿಳಿಯಬೇಕಾಗಿಲ್ಲ.

ಹೋಗಬೇಕಾದ ಕಾರಣವೂ ಇತ್ತು. ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡವನ್ನು ಓದಬೇಕೆಂದರೆ ಗಡಿ ದಾಟಬೇಕು. (ಉರ್ದುವಿನ ಮೇಲೆ ನಮಗೆ ದ್ವೇಷವಿಲ್ಲ. ತೀರ್ಥರೂಪರು ಕಡೆಯವರೆಗೂ ಮನಸ್ಸಿನೊಳಗೆ ಲೆಕ್ಕವನ್ನು ಉರ್ದುವಿನಲ್ಲಿಯೇ ಮಾಡುತ್ತಿದ್ದರು, ತಪ್ಪುತ್ತಲೂ ಇರಲಿಲ್ಲ.)

ಮೊದಲ ದಿನ ಕಚೇರಿಯ ಕೆಲಸದಲ್ಲಿಯೇ ಕಳೆಯಿತು. ಎರಡನೆಯ ದಿನ ಬೆಳಗಿನಲ್ಲಿ ಕರ್ನಾಟಕ ಕಾಲೇಜಿಗೆ ಹೋದೆವು. 1917ರಲ್ಲಿ ಆರಂಭವಾದ ಈ ಕಾಲೇಜಿನ ಕಲ್ಲಿನ ಭವ್ಯ ಕಟ್ಟಡವು ಮೊದಲು ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದಿತು. ಅಂದು ಇದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು; ಧಾರವಾಡಕ್ಕೆ ತನ್ನದೇ ವಿಶ್ವವಿದ್ಯಾಲಯವು ದೊರೆತುದು 1949ರ ಶಾಸನದಿಂದ ಈಚೆಗೆ. ತೀರ್ಥರೂಪರು 1944ರಲ್ಲಿ ಈ ಮೆಟ್ಟಿಲುಗಳನ್ನು ಏರಿದರು. ಮಗನು ಅವುಗಳ ಚಿತ್ರವನ್ನು ತೆಗೆದುಕೊಂಡನು.

ಮಧ್ಯಾಹ್ನ ಊಟದ ಹೊತ್ತಿಗೆ ನಮಗೆ ವಾರಾನ್ನದ ಕಥೆ ನೆನಪಾಯಿತು. ಬಡ ಬ್ರಾಹ್ಮಣ ವಿದ್ಯಾರ್ಥಿಗಳು ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಣ್ಣುವುದು ಆಗಿನ ಪದ್ಧತಿ. ತೀರ್ಥರೂಪರಿಗೆ ಆರು ಮನೆಗಳು ದೊರೆತಿದ್ದುವು. ಗುರುವಾರದ ಮನೆ ಕೊನೆಗೂ ದೊರೆಯಲಿಲ್ಲ. ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇರುವಷ್ಟು ದಿನ ಗುರುವಾರವು ಸುಖವಾಗಿ ಸಾಗುತ್ತಿತ್ತು. ಅವು ತೀರಿದ ಮೇಲೆ ಅವರು ಆ ದಿನ ರಾಯರ ಉಪವಾಸವೆಂದು ಗೆಳೆಯರಿಗೆ ಹೇಳಿಬಿಡುತ್ತಿದ್ದರಂತೆ. ಅವರ ಪುಣ್ಯದಲ್ಲಿ ಎಷ್ಟು ಭಾಗ ಭಕ್ತಿಯದು, ಎಷ್ಟು ಭಾಗ ಬಡತನದ್ದು ಎಂಬುದನ್ನು ದೇವರೇ ವಿಂಗಡಿಸಬೇಕು. ಮುರುಘಾಮಠದ ಮೃತ್ಯುಂಜಯಪ್ಪಗಳು ನಡೆಯಿಸಿದ ಪ್ರಸಾದನಿಲಯವು ಅನೇಕ ಬಡ ಮಕ್ಕಳಿಗೆ ಅನ್ನವಿಕ್ಕಿ ಓದಿಸಿತು. ನಾವು ಅಲ್ಲಿಗೂ ಹೋಗಿ ಕೈಮುಗಿದೆವು.

ಸಂಜೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿದೆವು. 1933ರಿಂದ ಕನ್ನಡದ ಪುಸ್ತಕಗಳನ್ನು ಹೊರಡಿಸುತ್ತ ಬಂದ ಸಂಸ್ಥೆಯಿದು. ವಿದ್ಯಾವರ್ಧಕ ಸಂಘದ ಭಾಷಣಗಳು, ಸಾಧನಕೇರಿಯ ದಂಡೆಯ ಮೇಲೆ ತಿರುಗಾಟ, ದಸರೆಯಲ್ಲಿ ನಾಡಹಬ್ಬ, ಇವೇ ಆಗಿನ ಹುಡುಗರ ವಿನೋದಗಳು. ಕಾಸು ಬೇಡದ ವಿನೋದಗಳನ್ನೇ ಅವರು ಆರಿಸಿಕೊಂಡಿದ್ದರೆಂಬುದು ಸ್ಪಷ್ಟ. ಸಾಧನಕೇರಿಯಲ್ಲಿ ನಾವು ಕುಳಿತಾಗ ಗುಡುಗು ಮಳೆ ಬಂದು, ಆಪೂಸ್ ಮಾವು ಮಾರುವವಳ ಛತ್ರಿಯ ಕೆಳಗೆ ಮೂವರೂ ನಿಂತೆವು.

ಅಲ್ಲಿಯೇ ಮಗನಿಗೆ ಕೀಲ್‌ಹಾರ್ನನ ಮಾತು ಹೇಳಿದೆವು. ಪುಣೆಯಲ್ಲಿ ಸಂಸ್ಕೃತವನ್ನು ಕಲಿಸಿ, ಪತಂಜಲಿಯ ಮಹಾಭಾಷ್ಯವನ್ನು ಪರಿಷ್ಕರಿಸಿದ ಈ ಮಹನೀಯನು ಮುಂದೆ ಗೋಟಿಂಗೆನ್ನಿನಲ್ಲಿಯೇ ಪ್ರಾಧ್ಯಾಪಕನಾಗಿದ್ದನು. ನಮ್ಮ ತಾಳಗುಂದದ ಶಾಸನವನ್ನು ಪ್ರಕಟಿಸಿದವನೂ ಇವನೇ. ಆ ಶಾಸನದ ಮಯೂರಶರ್ಮನಾದರೂ ಯಾರು? ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ಕಾಂಚಿಯ ಘಟಿಕೆಗೆ ಹೋದ ಪರದೇಶದ ವಿದ್ಯಾರ್ಥಿ. ಅಲ್ಲಿ ರಾವುತನೊಬ್ಬನೊಡನೆ ಜಗಳವಾಗಿ, ಓದನ್ನು ಬಿಟ್ಟು, ಕತ್ತಿ ಹಿಡಿದು ಕದಂಬರ ರಾಜ್ಯವನ್ನು ಕಟ್ಟಿದನು.

ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅಜ್ಜಾರು ಪರೀಕ್ಷಾಕ್ಕ ಯಾಕ ಕೂಡಲಿಲ್ಲ?" ಎಂದು ಕೇಳಿದನು.

ಅವನಿಗೆ ತಿಳಿಯದ ಸಂಗತಿಯಲ್ಲ. ನಮ್ಮ ಬಾಯಿಂದ ಕೇಳಬೇಕೆಂದು ಕೇಳಿದನು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಕೊಪ್ಪಳಕ್ಕೆ ಬರಲಿಲ್ಲ. ಗಡಿಯ ಈಚೆ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ಶಿಬಿರ ನಿಂತಿತು. ತೀರ್ಥರೂಪರು ಬಿ.ಎ. ತರಗತಿಯನ್ನು ಬಿಟ್ಟು ಅಲ್ಲಿಗೆ ಹೋದರು. ಕೋವಿ ಹಿಡಿಯಲಿಲ್ಲ, ರಜಾಕಾರರಿಗೆ ಹೆದರಿ ಓಡಿಬಂದವರ ಪರವಾಗಿ ಕಾಗದ ಬರೆಯುವುದು ಅವರ ಕೆಲಸ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ಶರಣಾಯಿತು. ಅವರು ಊರಿಗೆ ಮರಳಿದಾಗ ಅಜ್ಜನವರು ಹಾಸಿಗೆ ಹಿಡಿದಿದ್ದರು, ಹೊಲವು ಸಾಹುಕಾರನಲ್ಲಿತ್ತು. ತೀರ್ಥರೂಪರು ಕನ್ನಡ ಶಾಲೆಯ ಮಾಸ್ತರರಾಗಿ, ಮೂರು ವರ್ಷ ಸಂಬಳ ಉಳಿಸಿ, 1951ರಲ್ಲಿ ಹೊಲ ಬಿಡಿಸಿದರು. ಧಾರವಾಡಕ್ಕೆ ಮರಳಿ ಓದಲು ಹೋಗಲಿಲ್ಲ. ಅವರಿಗೆ ಅದರ ವ್ಯಸನವಿತ್ತೇ ಎಂದು ನಾವು ಎಂದೂ ಕೇಳಲಿಲ್ಲ. ಕೇಳಬೇಕಾಗಿತ್ತು.

"ಹಂಗಾರ ಹೊಲ ಹೋಗಿದ್ದಿಲ್ಲ, ತಿರುಗಿ ಬಂತಲ್ಲ" ಎಂದನು ಮಗ.

ಮೂರನೆಯ ದಿನ ಅಂಕಪಟ್ಟಿಗಳು ಕೈಗೆ ಬಂದುವು. ಪೇಢೆ ಕಟ್ಟಿಸಿಕೊಂಡು ರೈಲು ಹತ್ತಿದೆವು. ಗದಗು ದಾಟಿದ ಮೇಲೆ ಮಗನು ನಿದ್ದೆಹೋದನು. ಹಳೆಯ ಗಡಿ ಎಲ್ಲಿದ್ದಿತೆಂದು ನಾವು ಕಿಟಕಿಯಿಂದ ನೋಡುತ್ತಲೇ ಇದ್ದೆವು. ಗುರುತು ಸಿಕ್ಕಲಿಲ್ಲ, ಎರಡೂ ಕಡೆಗೆ ಅದೇ ಎರೆಯ ಹೊಲ. ಮರುದಿನ ಗುರುವಾರ. ಸ್ನಾನ ಮುಗಿಸಿ, ಪೆಟ್ಟಿಗೆಯಿಂದ ಬ್ಯಾಂಕಿನ ಕಾಗದವನ್ನು ತೆಗೆದು ರುಜು ಹಾಕಿದೆವು. ಮನೆಯವರು ಅಡಿಗೆಮನೆಯಲ್ಲಿ ಆಗಲೇ ರೊಟ್ಟಿ ಬಡಿಯತೊಡಗಿದ್ದರು. ಗೋಟಿಂಗೆನ್ನಿಗೆ ಎಷ್ಟು ಕಟಕ ರೊಟ್ಟಿ ಒಯ್ಯಬಹುದೆಂದು ಮಗನನ್ನು ಕೇಳುತ್ತಿದ್ದರು.