ಬಿಸಿಲಿಗೆ ಬೆಲೆಯಿಲ್ಲ, ಬಿಸಿನೀರಿಗೆ ಲೆಕ್ಕವಿದೆ

ಸೂರ್ಯನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದು. ಪವಿತ್ರ ಕುರ್‌ಆನಿನ 91ನೆಯ ಅಧ್ಯಾಯಕ್ಕೆ 'ಅಶ್ಶಮ್ಸ್' ಅಂದರೆ 'ಸೂರ್ಯ' ಎಂಬುದೇ ಹೆಸರು. ನಮ್ಮ ಐದು ಹೊತ್ತಿನ ನಮಾಝಿನ ಸಮಯಗಳು ಸೂರ್ಯನ ಚಲನೆಯನ್ನು ಅನುಸರಿಸಿವೆ. ಸೂರ್ಯನು ನೆತ್ತಿಯಿಂದ ಜಾರಿದಾಗ ಝುಹರ್, ನೆರಳು ಉದ್ದವಾದಾಗ ಅಸರ್, ಮುಳುಗಿದಾಗ ಮಗ್ರಿಬ್. ಕಲಬುರಗಿ, ರಾಯಚೂರು ಸೀಮೆಯವರಾದ ನಾವು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆಗೆ ನಿಟ್ಟುಸಿರು ಬಿಡುತ್ತೇವೆಯೇ ಹೊರತು, ಈ ಬಿಸಿಲೂ ಒಂದು ಅನುಗ್ರಹವೆಂದು ನೆನೆಯುವುದು ಅಪರೂಪ. ಈಗ ಮಸೀದಿಗಳ ಮೇಲೂ ಮನೆಗಳ ಮೇಲೂ ಸೌರಫಲಕಗಳು ಕಾಣಿಸಿಕೊಳ್ಳುತ್ತಿವೆ. ಅನುಗ್ರಹವನ್ನು ಗುರುತಿಸುವ ಕಾಲ ಬಂದಿದೆ. ಜೊತೆಗೆ ಅದರ ಹೊಣೆಯನ್ನು ಅರಿಯುವ ಕಾಲವೂ ಬಂದಿದೆ.

ನಮ್ಮ ಮಸೀದಿಯಲ್ಲಿ ದಾನಿಗಳ ನೆರವಿನಿಂದ 300 ಲೀಟರಿನ ಸೌರ ವಾಟರ್ ಹೀಟರನ್ನು ಅಳವಡಿಸಲಾಯಿತು. ಅದರ ಕೆಲಸ ಬಲು ಸರಳ. ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ನೀರು ಕಾಯುತ್ತದೆ. ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಇದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ. ನಮ್ಮ ಕೊಳವೆಬಾವಿಗಳದು ಗಡಸು ನೀರು. ತಾಮ್ರದ ಸಣ್ಣ ಪೈಪುಗಳಿರುವ ಚಪ್ಪಟೆ ಫಲಕದಲ್ಲಿ ಸುಣ್ಣ ಕಟ್ಟಿಕೊಂಡರೆ ತೆಗೆಯುವುದು ಕಷ್ಟವೆಂದು ಗಾಜಿನ ಕೊಳವೆಗಳನ್ನೇ ಆರಿಸಲಾಯಿತು. ಟ್ಯಾಂಕಿನ ಸುತ್ತಲಿನ ದಪ್ಪ ಹೊದಿಕೆ ರಾತ್ರಿಯಿಡೀ ಶಾಖವನ್ನು ಕಾಪಾಡುತ್ತದೆ. ನಿನ್ನೆಯ ಬಿಸಿಲು ಇಂದಿನ ಫಜ್ರ್‌ಗೆ ಒದಗುತ್ತದೆ.

ಬಿಸಿಲಿಗೆ ಕಾದ ನೀರಿನಿಂದ ವುಝೂ ಮಾಡಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದು ಕುಚೋದ್ಯದ ಪ್ರಶ್ನೆಯಲ್ಲ. ಕರಾವಳಿಯ ಬ್ಯಾರಿ ಮತ್ತು ನವಾಯತ ಬಂಧುಗಳು ಅನುಸರಿಸುವ ಶಾಫಿಈ ಮದ್‌ಹಬಿನ ಗ್ರಂಥಗಳಲ್ಲಿ ಇಂತಹ ನೀರಿಗೆ 'ಮುಶಮ್ಮಸ್' ಎಂಬ ಹೆಸರೇ ಇದೆ. ಉಷ್ಣ ಪ್ರದೇಶದಲ್ಲಿ, ಲೋಹದ ಪಾತ್ರೆಯಲ್ಲಿ ಬಿಸಿಲಿಗೆ ಕಾದ ನೀರನ್ನು ಬಿಸಿಯಾಗಿರುವಾಗಲೇ ಮೈಗೆ ಬಳಸುವುದು ಮಕ್ರೂಹ್ ಎಂದು ಅಲ್ಲಿ ಹೇಳಲಾಗಿದೆ. ಅದರಿಂದ ಚರ್ಮರೋಗ ಬಂದೀತೆಂಬ ಆತಂಕವೇ ಇದಕ್ಕೆ ಕಾರಣ. ಆದರೆ ಇದಕ್ಕೆ ಆಧಾರವಾದ ವರದಿ ದುರ್ಬಲವೆಂದು, ಆ ನೀರು ಮಕ್ರೂಹ್ ಅಲ್ಲವೆಂದು ಅದೇ ಮದ್‌ಹಬಿನ ಇಮಾಮ್ ನವವಿ(ರ)ಯವರು ಅಭಿಪ್ರಾಯಪಟ್ಟಿದ್ದಾರೆ. ಮಕ್ರೂಹ್ ಎಂದವರೂ ಅದರಿಂದ ಮಾಡಿದ ವುಝೂ ಅಸಿಂಧುವೆಂದು ಹೇಳಿಲ್ಲ. ಆದ್ದರಿಂದ ನೀರು ಸಲ್ಲುತ್ತದೆಯೇ ಎಂಬುದಕ್ಕಿಂತ, ನೀರನ್ನು ಎಷ್ಟು ಸುರಿಯುತ್ತೇವೆ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಹೀಟರು ಬಂದ ಮೊದಲ ಚಳಿಗಾಲದಲ್ಲಿ ಈ ಪ್ರಶ್ನೆ ಕಣ್ಣೆದುರಿಗೇ ಬಂದಿತು. ಇಶಾ ನಮಾಝಿಗೆ ಬಂದ ಯುವಕರು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಮಾತನಾಡುತ್ತಾ ಕೈಕಾಲು ತೊಳೆಯುತ್ತಿದ್ದರು. ಒಬ್ಬರನ್ನು ತಡೆದು ಹೇಳಿದಾಗ, "ಹಜರತ್, ಬಿಸಿಲಿಗೇನು ದುಡ್ಡು ಕೊಡಬೇಕೇ?" ಎಂದು ನಗುತ್ತಾ ಉತ್ತರಿಸಿದರು. ಫಜ್ರ್ ಹೊತ್ತಿಗೆ, ಮಂಡಿನೋವಿನಿಂದ ನಿಧಾನವಾಗಿ ನಡೆದು ಕೊನೆಗೆ ಬರುವ ಚಾಚಾ ಒಬ್ಬರಿಗೆ ನಲ್ಲಿಯಲ್ಲಿ ತಣ್ಣೀರೇ ಉಳಿದಿತ್ತು. ಅವರು ಯಾರನ್ನೂ ದೂರಲಿಲ್ಲ. ನಡುಗುವ ಕೈಗಳಿಂದ ವುಝೂ ಮುಗಿಸಿ ಸಫ್ಫಿನಲ್ಲಿ ನಿಂತರು.

ಬಿಸಿಲು ಪುಕ್ಕಟೆ ನಿಜ. ಆದರೆ ಟ್ಯಾಂಕಿನಲ್ಲಿರುವುದು 300 ಲೀಟರ್ ಮಾತ್ರ. ನಲ್ಲಿ ತೆರೆದಿಟ್ಟು ಒಬ್ಬರು ಆರು ಲೀಟರ್ ಹರಿಸಿದರೆ ಅದು 50 ಜನರಿಗೆ ಮುಗಿಯುತ್ತದೆ. ಎರಡು ಲೀಟರಿನಲ್ಲಿ ಮುಗಿಸಿದರೆ 150 ಜನರಿಗೆ ಸಾಲುತ್ತದೆ. ಪ್ರವಾದಿ(ಸ)ಯವರು ಒಂದು 'ಮುದ್ದ್', ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ಬೋಧನೆಯೂ ನಮ್ಮ ಪರಂಪರೆಯಲ್ಲಿದೆ. ದುಂದುವೆಚ್ಚವೆಂಬುದು ಹಣಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಬೆಲೆಯಿಲ್ಲದ ವಸ್ತುವನ್ನು ಚೆಲ್ಲಿದರೂ ಅದು ಇಸ್ರಾಫೇ. ಅದು ಕೊನೆಗೆ ಬರುವವರ ಹಕ್ಕನ್ನು ಕಸಿದರೆ ಇನ್ನೂ ಗಂಭೀರವಾದುದು.

ಜಮಾಅತ್ ಕೂಡಿ ಕೆಲವು ವ್ಯವಸ್ಥೆಗಳನ್ನು ಮಾಡಿತು. ಒತ್ತಿದಷ್ಟು ಹೊತ್ತು ಮಾತ್ರ ಹರಿಯುವ ನಲ್ಲಿಗಳು ಬಂದವು. ಇಶಾದ ನಂತರ ಬಿಸಿನೀರಿನ ಕವಾಟ ಮುಚ್ಚಿ, ಫಜ್ರ್ ಅಝಾನಿಗೆ ಮೊದಲು ತೆರೆಯುವ ಹೊಣೆಯನ್ನು ಮುಅಝ್ಝಿನ್ ಸಾಹೇಬರು ವಹಿಸಿಕೊಂಡರು. ಬಿಸಿನೀರು ಬರುವ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಹೊರಬೀಳುತ್ತದಷ್ಟೆ. ಅದಕ್ಕೊಂದು ಬಕೆಟ್ ಇಟ್ಟು, ಆ ನೀರನ್ನು ಅಂಗಳದ ಬೇವಿನ ಗಿಡಕ್ಕೆ ಹಾಕಲಾಗುತ್ತಿದೆ.

ವಿದ್ಯುತ್ ಫಲಕಗಳ ವಿಚಾರದಲ್ಲಿಯೂ ತಿಳುವಳಿಕೆ ಅಗತ್ಯ. ಒಂದು ಕಿಲೋವಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ದೊರೆಯುತ್ತದೆ. ಆದರೆ ಮಸೀದಿಯಲ್ಲಿ ದೀಪ ಉರಿಯುವುದು ಸೂರ್ಯನಿಲ್ಲದ ಫಜ್ರ್, ಮಗ್ರಿಬ್, ಇಶಾಗಳಲ್ಲಿ. ಹಗಲಿನ ವಿದ್ಯುತ್ತನ್ನು ಲೈನಿಗೆ ಕೊಟ್ಟು ರಾತ್ರಿ ಪಡೆಯುವ ಕೊಡುಕೊಳ್ಳುವಿಕೆಯ ಲೆಕ್ಕವನ್ನು ನೆಟ್ ಮೀಟರ್ ಇಡುತ್ತದೆ. ಬ್ಯಾಟರಿಯಿಲ್ಲದ ಇಂತಹ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ಆಘಾತವಾಗಬಾರದೆಂದು ಹೀಗೆ ಮಾಡಲಾಗಿದೆ. ಇದನ್ನು ಮೊದಲೇ ತಿಳಿಯದವರು ಆಮೇಲೆ ನಿರಾಶರಾಗುತ್ತಾರೆ.

ಮನೆಗಳಿಗೆ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಉಳಿದ ಹಣಕ್ಕೆ ಬಡ್ಡಿಯ ಸಾಲದ ಮೊರೆ ಹೋಗದೆ, ಸಣ್ಣದಾಗಿ ಆರಂಭಿಸುವುದು ವಿಶ್ವಾಸಿಗೆ ಶೋಭಿಸುತ್ತದೆ. ಗೃಹಜ್ಯೋತಿಯಿಂದ ಈಗಾಗಲೇ ಶೂನ್ಯ ಬಿಲ್ಲು ಬರುವ ಮನೆಯವರು ಅವಸರಪಡಬೇಕಿಲ್ಲ. ಸುಡುವ ಮಾಳಿಗೆಯ ಮೇಲೆ ಫಲಕ ಕೂರಿಸುವ ಕೆಲಸಗಾರನಿಗೆ ಸುರಕ್ಷತೆಯ ಹಗ್ಗ, ಕುಡಿಯಲು ನೀರು, ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕು.

ಕೊನೆಯದಾಗಿ, ಉಳಿತಾಯವಾದ ಬಿಲ್ಲಿನ ಹಣ. ಅದು ಯಾರ ಸ್ವತ್ತೂ ಅಲ್ಲ, ಅಮಾನತು. ಎಷ್ಟು ಉಳಿಯಿತು, ಎಲ್ಲಿಗೆ ಹೋಯಿತು ಎಂಬುದನ್ನು ಆಡಳಿತ ಸಮಿತಿಯು ಜುಮುಅದ ನಂತರ ಜಮಾಅತಿನ ಮುಂದೆ ಓದಿ ಹೇಳಬೇಕು. ದಾನಿಯು ಯಾವ ಉದ್ದೇಶಕ್ಕೆ ಕೊಟ್ಟನೋ ಅದಕ್ಕೇ ಅವನ ಹಣ ಸಲ್ಲಬೇಕು.

ಅನುಗ್ರಹಗಳ ಕುರಿತು ನಾಳೆ ಪರಲೋಕದಲ್ಲಿ ವಿಚಾರಣೆಯಿದೆ ಎಂಬುದು ನಮ್ಮ ವಿಶ್ವಾಸ. ಕೊನೆಗೆ ಬರುವ ವೃದ್ಧರ ಪಾಲಿನ ಒಂದು ಚೊಂಬು ಬಿಸಿನೀರನ್ನು ಉಳಿಸಿಟ್ಟು ವುಝೂ ಮಾಡುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.