ಗುಜರಿ ಅಂಗಡಿಯ ಆರು ಕ್ಲಿಪ್ಪುಗಳು

ಅಬ್ಬಾರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಫಜ್ರ್ ನಮಾಝ್ ಮುಗಿಸಿ ಹೊರಡುವ ನಮಗೆ ಆಸರೆಯಾಗಿದ್ದುದು 2010ರ ಒಂದು ಟೊಯೋಟ ಪ್ರಿಯಸ್. ಬೇರೆಯವರು ಓಡಿಸಿ ಬಿಟ್ಟದ್ದನ್ನು ನಾವು ಕೊಂಡಿದ್ದೆವು. ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಈ ಹೈಬ್ರಿಡ್ ಕಾರು ಜಪಾನಿನಲ್ಲಿ 1997ರಲ್ಲೇ ಮಾರಾಟಕ್ಕೆ ಬಂದಿತ್ತು. ನಮ್ಮ ದೇಶದಲ್ಲಿ ಮಾತ್ರ ಇದು ಅಪರೂಪ. ಹಾಗಾಗಿ ಬಿಡಿಭಾಗಗಳೂ ಅಪರೂಪ.

ಒಂದು ಬೆಳಿಗ್ಗೆ ಆಸ್ಪತ್ರೆಯ ದಾರಿಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡಿತು. ದೊಡ್ಡ ವರ್ಕ್‌ಶಾಪೊಂದರಲ್ಲಿ, “ಬ್ಯಾಟರಿಯನ್ನೇ ಪೂರ್ತಿ ಬದಲಾಯಿಸಬೇಕು” ಎಂದರು. ಅವರು ಹೇಳಿದ ಮೊತ್ತ ಕೇಳಿ ಅಬ್ಬಾ, “ನನಗಾಗಿ ಸಾಲ ಮಾಡಬೇಡಿ, ಆಟೋದಲ್ಲೇ ಹೋಗೋಣ” ಎಂದುಬಿಟ್ಟರು. ಡಯಾಲಿಸಿಸ್ ಮುಗಿಸಿ ಬರುವಾಗ ಅವರಿಗೆ ನೆಟ್ಟಗೆ ಕೂರಲೂ ಆಗುವುದಿಲ್ಲ ಎಂಬುದು ನಮಗೆ ಗೊತ್ತಿತ್ತು.

ಪರಿಚಿತರೊಬ್ಬರು ಶಿವಾಜಿನಗರದ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಕಳಿಸಿದರು. ಆತ ಬಾನೆಟ್ ತೆರೆಯಲೇ ಇಲ್ಲ. “ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?” ಎಂದು ಕೇಳಿದರು. ಸೀಟಿನ ಬದಿಗೆ ಸರಿಸಿಟ್ಟಿದ್ದ ಅಬ್ಬಾರ ಕಂಬಳಿಯನ್ನು ಎತ್ತಿದರು. ಅದರಡಿ ಒಂದು ಗಾಳಿಕಿಂಡಿ! ಈ ಕಾರಿನ ಬ್ಯಾಟರಿಯಲ್ಲಿ 28 ಬಿಲ್ಲೆಗಳು, ಒಟ್ಟು 201.6 ವೋಲ್ಟ್. ಅದನ್ನು ತಂಪಾಗಿಡಲು ಸಣ್ಣ ಫ್ಯಾನೊಂದು ಈ ಕಿಂಡಿಯಿಂದಲೇ ಕಾರಿನೊಳಗಿನ ಗಾಳಿಯನ್ನು ಎಳೆಯುತ್ತದೆ. ಆತ ರಬ್ಬರ್ ಕೈಗವಸು ತೊಟ್ಟು, ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಳಚಿ, ಹತ್ತು ನಿಮಿಷ ಸುಮ್ಮನೆ ಕಾದರು. ಬಳಿಕ ಒಳಹಲಗೆ ಬಿಚ್ಚಿದರೆ ಫ್ಯಾನಿನ ತುಂಬ ಕಂಬಳಿಯದೇ ಬಣ್ಣದ ನವಿರು ಎಳೆಗಳು. ಬ್ಯಾಟರಿಯ ಉಸಿರು ಕಟ್ಟಿಸಿದವರು ನಾವೇ.

ಫ್ಯಾನು ಶುಚಿಯಾಯಿತು, ತ್ರಿಕೋನ ಮರೆಯಾಯಿತು. ಆದರೆ ಬಿಚ್ಚುವಾಗ ಒಣಗಿದ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟಪಟನೆ ಮುರಿದಿದ್ದವು. ವರ್ಕ್‌ಶಾಪಿನವರನ್ನು ಕೇಳಿದರೆ, “ಬಿಡಿಯಾಗಿ ಇಲ್ಲ, ಇಡೀ ಹಲಗೆ ತರಿಸಬೇಕು” ಎಂಬ ಉತ್ತರ. ಎಲೆಕ್ಟ್ರಿಷಿಯನ್ ನಕ್ಕು ಪಕ್ಕದ ಗುಜರಿ ಅಂಗಡಿ ತೋರಿಸಿದರು. ಅಲ್ಲಿದ್ದ ಮುದುಕರು ಮುರಿದ ತುಣುಕನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಹಾರ್ಲಿಕ್ಸ್ ಬಾಟಲಿಯೊಂದನ್ನು ಸುರಿದು, ಬೇರಾವುದೋ ಕಾರಿನಿಂದ ಕಳಚಿದ್ದ ಆರು ಕ್ಲಿಪ್ಪು ಆರಿಸಿದರು. ಅಳತೆಗೆ ಸರಿಯಾಗಿ ಕೂತವು. ಬೆಲೆ ಅರವತ್ತು ರೂಪಾಯಿ. “ಬಿಸಾಡೋಕೆ ಮನಸ್ಸು ಬರಲ್ಲ ಬೇಟಾ, ಯಾರಿಗಾದ್ರೂ ಬೇಕಾಗತ್ತೆ” ಎಂದರು.

ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ದುಂದುವೆಚ್ಚದ ವಿರುದ್ಧ ಪ್ರವಚನ ಕೇಳಿ ತಲೆದೂಗುತ್ತೇವೆ. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಹುಡುಗಿಗೆ ಒಳ್ಳೆಯ ಸಂಬಂಧವೊಂದು ಬಂದಾಗ, “ಗುಜರಿಯವರಂತೆ” ಎಂಬ ಒಂದೇ ಮಾತಿಗೆ ಹಿರಿಯರು ಬೇಡವೆಂದರು. ಹುಡುಗ ಹೇಗೆ, ದೀನ್ ಹೇಗೆ ಎಂದು ಯಾರೂ ವಿಚಾರಿಸಲಿಲ್ಲ. ನಾವೂ ಬಾಯಿ ಬಿಡಲಿಲ್ಲ.

ಈಗ ಕಂಬಳಿ ಅಬ್ಬಾರ ಮಡಿಲಲ್ಲಿರುತ್ತದೆ, ಕಿಂಡಿ ತೆರೆದಿರುತ್ತದೆ. ನಾವು ಎಸೆದದ್ದನ್ನು ಎತ್ತಿಟ್ಟುಕೊಂಡು, ನಮಗೇ ಬೇಕಾದಾಗ ಮರಳಿ ಕೊಡುವವರನ್ನು ಕೀಳೆಂದು ಕಾಣುವ ಹಕ್ಕನ್ನು ನಮಗೆ ಕೊಟ್ಟವರು ಯಾರು? ಆ ಹುಡುಗನ ಮನೆಯವರಲ್ಲಿ ಕ್ಷಮೆ ಕೇಳುವುದು ನಮಗಿನ್ನೂ ಬಾಕಿಯಿದೆ.